ಮನೆಗೆಲ್ಲ ಒಂದೇ ಟೈಪ್-ಸಿ ಚಾರ್ಜರ್: 65 ವ್ಯಾಟ್ ಗ್ಯಾನ್ ಮಾದರಿಯ ವಿಮರ್ಶೆ

ಫೋನು, ಟ್ಯಾಬ್, ಲ್ಯಾಪ್‌ಟಾಪ್ ಮೂರಕ್ಕೂ ಒಂದೇ ಚಾರ್ಜರ್ ಬೇಕಿದ್ದರೆ ಎರಡು ಸಿ ಪೋರ್ಟ್, ಒಂದು ಹಳೆಯ ಅಗಲ ಬಾಯಿಯ ಯುಎಸ್‌ಬಿ ಎ ಪೋರ್ಟ್ ಇರುವ 65 ವ್ಯಾಟ್ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಿಡಿಭಾಗ ಬಳಸಿದ) ಮಾದರಿಯೇ ಸರಿಯಾದ ಆಯ್ಕೆ. ಎರಡು ಸಾಧನ ಚುಚ್ಚಿದರೆ ಸಾಮಾನ್ಯವಾಗಿ 45 ಮತ್ತು 20 ವ್ಯಾಟ್ ಎಂದು ಹಂಚಿಕೆಯಾಗುತ್ತದೆ. ಆ ಕ್ಷಣ ಲ್ಯಾಪ್‌ಟಾಪ್ ಚಾರ್ಜಿಂಗ್ ನಿಂತು ಮತ್ತೆ ಶುರುವಾಗುವುದು ಸಹಜ, ಗಾಬರಿ ಬೇಡ.

ಕೇಬಲ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬೇಡಿ. 20 ವೋಲ್ಟ್‌ನಲ್ಲಿ 65 ವ್ಯಾಟ್ ಎಂದರೆ 3.25 ಆಂಪಿಯರ್. ಸಾಮಾನ್ಯ ಕೇಬಲ್ 3 ಆಂಪಿಯರ್‌ಗೇ, ಅಂದರೆ 60 ವ್ಯಾಟ್‌ಗೇ ನಿಲ್ಲುತ್ತದೆ. ಕೇಬಲ್‌ನ ಸಾಮರ್ಥ್ಯವನ್ನು ಚಾರ್ಜರ್‌ಗೆ ತಿಳಿಸುವ ಇ-ಮಾರ್ಕರ್ ಚಿಪ್ ಇರುವ 5 ಆಂಪಿಯರ್ ಕೇಬಲ್ ಕೊಳ್ಳಿ.

ನಿಜವಾದ ತಲೆನೋವು ಅಗ್ಗದ ಟ್ರಿಮ್ಮರ್, ಟಾರ್ಚ್, ಸ್ಪೀಕರ್‌ಗಳದ್ದು. ಪೋರ್ಟ್ ಸಿ ಆಗಿದ್ದರೂ ಸಿ-ಸಿ ಕೇಬಲ್‌ಗೆ ಹಲವು ಜಗ್ಗುವುದೇ ಇಲ್ಲ. ಸಾಧನ ಜೋಡಿಸಿದೆ ಎಂದು ಚಾರ್ಜರ್‌ಗೆ ತಿಳಿಸುವ ಸಿಸಿ ಪಿನ್ ಎರಡಕ್ಕೂ ಬೇಕಾದ 5.1 ಕಿಲೋಓಮ್ ರೆಸಿಸ್ಟರನ್ನು ತಯಾರಕರು ಹಾಕದೆ ಬಿಟ್ಟಿರುತ್ತಾರೆ. ಅದು ಕಾಣದೆ ಚಾರ್ಜರ್ ಕರೆಂಟನ್ನೇ ಬಿಡುವುದಿಲ್ಲ. ಕೆಲವೇ ಪೈಸೆಯ ಭಾಗಕ್ಕಾಗಿ ಗ್ರಾಹಕರನ್ನು ಹೀಗೆ ಸತಾಯಿಸುವುದು ತಪ್ಪು. ಪರಿಹಾರ ಸುಲಭ: ಎ-ಸಿ ಕೇಬಲನ್ನು ಎ ಪೋರ್ಟ್‌ಗೆ ಹಾಕಿ. ಆ ಹಳೆಯ ಪೋರ್ಟ್ ಇರಲಿ ಎಂದದ್ದು ಇದಕ್ಕೇ.

ದುಂಡು ಪಿನ್ನಿನ ಹಳೆಯ ಲ್ಯಾಪ್‌ಟಾಪ್‌ಗೆ ಚಾರ್ಜರ್‌ನಿಂದ 20 ವೋಲ್ಟ್ ಕೇಳಿ ಪಡೆಯುವ ಪರಿವರ್ತಕ ಕೇಬಲ್ ಸಿಗುತ್ತದೆ. ಪಿನ್ನಿನ ಅಳತೆಯನ್ನೂ ಲ್ಯಾಪ್‌ಟಾಪಿನ ವೋಲ್ಟೇಜನ್ನೂ ಮೊದಲೇ ನೋಡಿಕೊಳ್ಳಿ. ಡೆಲ್‌ನ ಹಲವು ಮಾದರಿಗಳು ದುಂಡು ಪಿನ್ನಿನ ನಡುವಿನ ತಂತಿಯಿಂದ ಅಡಾಪ್ಟರನ್ನು ಗುರುತಿಸುತ್ತವೆ. ಆ ಸಂಕೇತ ಸಿಗದಿದ್ದರೆ ಯಂತ್ರ ನಡೆದರೂ ಬ್ಯಾಟರಿ ತುಂಬುವುದಿಲ್ಲ.