ನೈಲಾನ್-ಪಿಪಿ ಬ್ಲೆಂಡ್‌ಗೆ ಹಾಕೋ ಕಂಪ್ಯಾಟಿಬಿಲೈಸರ್ (ಹೊಂದಿಕೊಳ್ಳದ ಪ್ಲಾಸ್ಟಿಕ್ ಎರಡನ್ನ ಬೆಸೆಯೋ) ಗ್ರಾನ್ಯೂಲ್ಸ್, ಕೊಟ್ಟ ದುಡ್ಡಿಗೆ ಮೋಸ ಇಲ್ಲ

ಪೀಣ್ಯದಲ್ಲಿ ನಮ್ದೊಂದು ಚಿಕ್ಕ ಮೌಲ್ಡಿಂಗ್ ಯುನಿಟ್, ನೈಲಾನ್ 6 ಜೊತೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಸೇರಿಸಿ ಕ್ಲಿಪ್, ಬ್ರಾಕೆಟ್ ಮಾಡ್ತೀವಿ. ಇವೆರಡಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ, ಬರೀ ಮಿಕ್ಸ್ ಮಾಡಿ ಹೊಡೆದ್ರೆ ಪೀಸ್ ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಬಗ್ಗಿಸಿದ ತಕ್ಷಣ ಪಟ್ ಅಂತ ಮುರಿಯುತ್ತೆ, ಗೇಟ್ (ಅಚ್ಚಿಗೆ ಪ್ಲಾಸ್ಟಿಕ್ ನುಗ್ಗೋ ಜಾಗ) ಹತ್ರ ಉಗುರು ಹಾಕಿದ್ರೆ ಪದರ ಪದರ ಎದ್ದು ಬರುತ್ತೆ.

ಈ ಗ್ರಾನ್ಯೂಲ್ಸ್ ಅಂದ್ರೆ ಮಲೇಯಿಕ್ ಅನ್‌ಹೈಡ್ರೈಡ್ ಅನ್ನೋ ಕೆಮಿಕಲ್ ಗ್ರಾಫ್ಟ್ ಆಗಿರೋ, ಅಂದ್ರೆ ಚೈನ್ ಮೇಲೆ ಕೂರಿಸಿರೋ ಪಿಪಿ. ಮಷಿನ್‌ನ ಬಿಸಿ ಬ್ಯಾರಲ್ ಒಳಗೆ ಕರಗಿದಾಗ ಆ ಅನ್‌ಹೈಡ್ರೈಡ್ ಗುಂಪು ನೈಲಾನ್ ಚೈನ್ ತುದೀಲಿರೋ ಅಮೈನ್ ಗುಂಪಿನ ಜೊತೆ ರಿಯಾಕ್ಟ್ ಆಗಿ ಬಾಂಡ್ ಆಗುತ್ತೆ, ಪಿಪಿ ಭಾಗ ಪಿಪಿ ಕಡೆಗೇ ಉಳಿಯುತ್ತೆ, ಹಂಗಾಗಿ ಒಂದರೊಳಗೆ ಇನ್ನೊಂದು ಹರಡಿರೋ ಹನಿಗಳು ಸಣ್ಣ ಆಗಿ ಗಟ್ಟಿಯಾಗಿ ಹಿಡ್ಕೊಳ್ತವೆ. ನಾವು 3% ಹಾಕ್ತೀವಿ, ಈಗ ಅದೇ ಕ್ಲಿಪ್ ಬಗ್ಗಿಸಿದ್ರೆ ಬೆಳ್ಳಗಾಗುತ್ತೆ ಅಷ್ಟೇ, ಮುರಿಯಲ್ಲ, ನಿಜವಾಗ್ಲೂ ಖುಷಿ ಆಯ್ತು!

ಜಾಸ್ತಿ ಸುರಿದ್ರೆ ಜಾಸ್ತಿ ಸ್ಟ್ರೆಂತ್ ಬರಲ್ಲ, ಒಂದು ಮಟ್ಟ ದಾಟಿದ್ಮೇಲೆ ಖರ್ಚು ಮಾತ್ರ ಏರುತ್ತೆ. ನೈಲಾನ್‌ನ 80 ಡಿಗ್ರೀಲಿ ಚೆನ್ನಾಗಿ ಒಣಗಿಸ್ಲೇಬೇಕು, ತೇವ ಇದ್ರೆ ಚೈನ್ ತುಂಡಾಗುತ್ತೆ, ಆಮೇಲೆ ಯಾವ ಅಡಿಟಿವ್ ಹಾಕಿದ್ರೂ ಅಷ್ಟೇ. ಬ್ಯಾಗ್ ಬಾಯಿ ಯಾವಾಗ್ಲೂ ಬಿಗಿಯಾಗಿ ಕಟ್ಟಿಡಿ.

ಬೇಜಾರು ಒಂದೇ, ಮಷಿನ್ ಹತ್ರ ಕಣ್ಣು-ಮೂಗು ಉರಿಯೋ ವಾಸನೆ ಬರುತ್ತೆ, ಕೆಲ್ಸ ಮಾಡೋ ಹುಡುಗ್ರಿಗೋಸ್ಕರ ಎಕ್ಸಾಸ್ಟ್ ಹಾಕ್ಸಿ ದಯವಿಟ್ಟು. ಇನ್ನು ತಣ್ಣಗಿರೋ ಜಾಗದಲ್ಲಿ ಏಟು ತಿನ್ನೋ ಪಾರ್ಟ್ ಆದ್ರೆ ಇದೊಂದೇ ಸಾಲಲ್ಲ, ಮಲೇಯಿಕ್ ಗ್ರಾಫ್ಟ್ ಆಗಿರೋ ರಬ್ಬರ್ ಗ್ರೇಡ್ ಕೇಳಿ ತಗೊಳ್ಳಿ.