‘ಸೌಂಡ್! ಯೂಫೋನಿಯಂ’ ಎರಡನೇ ಸೀಸನ್: ಐದನೇ ಎಪಿಸೋಡಿಗೆ ಹೆಡ್‌ಫೋನ್ ಹಾಕಿಕೊಳ್ಳಿ

ಮೊನ್ನೆ ಈ ಜಪಾನಿ ಅನಿಮೆ ಸರಣಿಯ ಎರಡನೇ ಸೀಸನ್ನನ್ನು ಮತ್ತೊಂದು ಸಲ ನೋಡಿ ಮುಗಿಸಿದೆ. (ಯೂಫೋನಿಯಂ ಅಂದರೆ ತಗ್ಗು ಸ್ವರದ, ಊದುವ ಹಿತ್ತಾಳೆ ವಾದ್ಯ.) ಕ್ಯೋಟೋ ಅನಿಮೇಷನ್ ಮಾಡಿದ್ದು, 2016ರಲ್ಲಿ ಬಂದಿದ್ದು, ಒಟ್ಟು 13 ಎಪಿಸೋಡ್. ಮೊದಲ ಸೀಸನ್ ನೋಡಿಲ್ಲ ಅಂದರೆ ಅದನ್ನು ಮುಗಿಸಿಕೊಂಡು ಬನ್ನಿ, ಇಲ್ಲದಿದ್ದರೆ ಯಾರು ಯಾರಿಗೆ ಏನಾಗಬೇಕು ಅನ್ನೋದೇ ತಲೆಗೆ ಹತ್ತುವುದಿಲ್ಲ. ಕಥೆಯ ಗುಟ್ಟು ಕೆಲವು ಕಡೆ ಬಿಟ್ಟುಕೊಡ್ತೀನಿ, ಅದನ್ನೂ ಮೊದಲೇ ಹೇಳಿಬಿಡ್ತೀನಿ.

ಉಜಿ ಊರಿನ ಕಿತಾಉಜಿ ಹೈಸ್ಕೂಲಿನ ಬ್ಯಾಂಡ್ ಈಗ ಕನ್ಸಾಯ್ ಪ್ರಾಂತ್ಯದ ಬ್ಯಾಂಡ್ ಸ್ಪರ್ಧೆಗೆ ತಯಾರಾಗುತ್ತಿದೆ. ಐದನೇ ಎಪಿಸೋಡಿನಲ್ಲಿ ಅವರು ಸ್ಪರ್ಧೆಯ ಕೃತಿಯನ್ನು ಮೊದಲಿಂದ ಕೊನೆವರೆಗೆ, ಸುಮಾರು 7 ನಿಮಿಷ, ಪೂರ್ತಿ ನುಡಿಸುತ್ತಾರೆ. ನಡುವೆ ಯಾರೂ ಮಾತಾಡುವುದಿಲ್ಲ, ಪ್ರೇಕ್ಷಕರು ಬೆರಗಾದರು ಅಂತ ತೋರಿಸುವ ಕೆಲಸವೂ ಇಲ್ಲ. ಬೆರಳು, ಉಸಿರು, ಮುಖ, ಅಷ್ಟೇ. ಬ್ಯಾಂಡಿನ ಹುಡುಗಿ ಮಿಜೊರೆ ಓಬೋ (ಶಹನಾಯಿ ಥರದ ವಾದ್ಯ) ಸೋಲೋ ಊದುವಾಗ, ಅದನ್ನು ಅವಳು ಗೆಳತಿ ನೊಜೊಮಿಗಾಗಿ ಊದುತ್ತಿದ್ದಾಳೆ ಅನ್ನೋದು ನಮಗೆ ಗೊತ್ತಿರುತ್ತದಲ್ಲ, ಆಗ ನನಗೆ ಕಣ್ಣು ತುಂಬಿ ಬಂತು. ಸಂಗೀತ ಅಕಿತೊ ಮತ್ಸುದಾ ಅವರದು. ನುಡಿಸಿದವರು ಒಂದು ಸಂಗೀತ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳು, ಅದಕ್ಕೇ ಇರಬೇಕು ಆ ಧ್ವನಿಯಲ್ಲಿ ಎಳೆತನ ಇದೆ.

ಇಷ್ಟು ಮಾಡಿದವರು ನಗೋಯಾದ ರಾಷ್ಟ್ರಮಟ್ಟದ ಫೈನಲ್ಲಿನಲ್ಲಿ ಒಂದು ಸ್ವರವನ್ನೂ ಕೇಳಿಸುವುದಿಲ್ಲ! ಮಕ್ಕಳು ವೇದಿಕೆ ಹತ್ತುತ್ತಾರೆ, ಮರುಕ್ಷಣ ನುಡಿಸಿ ಮುಗಿದಿರುತ್ತದೆ. ಮೊದಲ ಸಲ ನೋಡಿದಾಗ ನನಗೆ ಸಿಟ್ಟೇ ಬಂದಿತ್ತು. ಈಗ ಅದು ಸರಿ ಅನ್ನಿಸುತ್ತದೆ. ಅಷ್ಟು ಹೊತ್ತಿಗೆ ಕಥೆ ಪದಕದಿಂದ ದೂರ ಬಂದಿರುತ್ತದೆ. ಅಮ್ಮ ಬ್ಯಾಂಡ್ ಬಿಡು ಅಂದರೂ ಹಿರಿಯ ವಿದ್ಯಾರ್ಥಿನಿ ಅಸುಕಾ ಯಾಕೆ ಯೂಫೋನಿಯಂ ಬಿಡಲಾರಳು, ತೀರ್ಪುಗಾರರ ಸಾಲಿನಲ್ಲಿ ಕೂತ ಅಪ್ಪನಿಂದ ಅವಳಿಗೆ ಏನು ಬೇಕಿತ್ತು, ನಮಗೆ ಉಳಿಯುವ ಪ್ರಶ್ನೆ ಅದು.

ಕಥೆಯ ನಾಯಕಿ ಕುಮಿಕೊ ಮತ್ತು ಅವಳ ಅಕ್ಕನ ಎಳೆ ನನಗೆ ಎಲ್ಲಕ್ಕಿಂತ ಇಷ್ಟ. ಅಕ್ಕ ತಳ ಹಿಡಿಸಿದ ಪಾತ್ರೆ ಉಜ್ಜುತ್ತಾ, ದೊಡ್ಡವಳ ಥರ ಎಲ್ಲ ನುಂಗಿಕೊಂಡು ಇದ್ದುಬಿಟ್ಟೆ, ಈಗ ಪಶ್ಚಾತ್ತಾಪ ಆಗ್ತಿದೆ ಅಂತ ತಂಗಿಗೆ ಹೇಳುತ್ತಾಳೆ. ಅದೇ ಮಾತನ್ನು ಹಿಡಿದು ಕುಮಿಕೊ ಅಸುಕಾ ಮುಂದೆ ನಿಂತು ಅಳುತ್ತಾಳೆ. ಅಡುಗೆಮನೆಯ ಮಾತು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಕೊರತೆ ಇಲ್ಲ ಅಂತಲ್ಲ. ಮಿಜೊರೆ, ನೊಜೊಮಿ ನಡುವಿನ ಗಂಟು ನಾಲ್ಕನೇ ಎಪಿಸೋಡಿನಲ್ಲಿ ತೀರಾ ಬೇಗ ಬಿಚ್ಚಿಕೊಳ್ಳುತ್ತದೆ. ಅಷ್ಟು ಆಳದ ನೋವಿಗೆ ಇಷ್ಟು ಸಮಯ ಸಾಲದು. 2018ರ ‘ಲಿಜ್ ಅಂಡ್ ದ ಬ್ಲೂ ಬರ್ಡ್’ ಸಿನಿಮಾ ಬಂದ ಮೇಲೆಯೇ ಅವರಿಬ್ಬರಿಗೆ ನ್ಯಾಯ ಸಿಕ್ಕಿದ್ದು. ಬ್ಯಾಂಡಿನ ಇನ್ನೊಬ್ಬ ಹುಡುಗಿ ರೇನಾಗೆ ಬ್ಯಾಂಡ್ ನಡೆಸುವ ತಾಕಿ ಮೇಷ್ಟ್ರ ಮೇಲಿರುವ ಪ್ರೀತಿಯೂ ನನಗೆ ಕಸಿವಿಸಿ ಮಾಡಿತು, ಅದನ್ನು ಕಡಿಮೆ ಮಾಡಬಹುದಿತ್ತು.

ಆದರೂ ನೋಡಿ. ಐದನೇ ಎಪಿಸೋಡನ್ನು ಮಾತ್ರ ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ, ಕೆಳಗಿನ ಸ್ವರಗಳೆಲ್ಲ ಮಾಯವಾಗಿ ಯೂಫೋನಿಯಮ್ಮೇ ಕೇಳಿಸುವುದಿಲ್ಲ.