ಪಿಡಿಎಫ್‌ನಿಂದ ಲೇಟೆಕ್ ಸಾಲಿಗೆ: ಓವರ್‌ಲೀಫೋ, ಟೆಕ್‌ಸ್ಟುಡಿಯೋನೋ, ಸುಮಾತ್ರವೋ?

ಪ್ರಬಂಧದ 143ನೇ ಪುಟದಲ್ಲಿ ಮಾರ್ಗದರ್ಶಕರು ಕೆಂಪು ಗೆರೆ ಎಳೆದಿದ್ದಾರೆ. ಆ ವಾಕ್ಯ ಮೂಲ ಲೇಟೆಕ್ ಕಡತದಲ್ಲಿ, ಅಂದರೆ ಕಂಪೈಲ್ ಮಾಡಿದಾಗ ಪಿಡಿಎಫ್ ಆಗುವ ಪಠ್ಯದಲ್ಲಿ, ಎಲ್ಲಿದೆ? ಬಳ್ಳಾರಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಗೆಳೆಯರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ.

ಇದಕ್ಕೆ ಬಳಸುವ ಓವರ್‌ಲೀಫ್, ಟೆಕ್‌ಸ್ಟುಡಿಯೋ, ಸುಮಾತ್ರ ಮೂರರಲ್ಲೂ ಒಳಗೆ ದುಡಿಯುವುದು ಸಿಂಕ್‌ಟೆಕ್. 2008ರಿಂದ ಲೇಟೆಕ್ ತಂತ್ರಾಂಶಗಳ ಕಟ್ಟಾದ ಟೆಕ್ ಲೈವ್ ಜೊತೆಗೇ ಬರುತ್ತಿದೆ. ಕಂಪೈಲ್ ಆಗುವಾಗ ಯಾವ ಸಾಲು ಪುಟದ ಯಾವ ಜಾಗದಲ್ಲಿ ಬಿತ್ತೆಂದು ಬೇರೊಂದು ಕಡತದಲ್ಲಿ ಬರೆದಿಡುತ್ತದೆ.

ಬ್ರೌಸರ್‌ನಲ್ಲೇ ಬರೆಯುವ ಓವರ್‌ಲೀಫ್‌ನಲ್ಲಿ ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಮೂಲ ಸಾಲು ಕಣ್ಣೆದುರು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಉಚಿತ ಖಾತೆಯಲ್ಲಿ ಕಂಪೈಲ್ ಸಮಯಕ್ಕೆ ಮಿತಿಯಿದೆ. ಚಿತ್ರ ತುಂಬಿದ ದೊಡ್ಡ ಪ್ರಬಂಧ ಅಲ್ಲೇ ನಿಂತುಬಿಡಬಹುದು. ರಜೆಗೆ ಊರಿಗೆ ಹೋದಾಗ ನೆಟ್‌ವರ್ಕ್ ಕೈಕೊಟ್ಟರಂತೂ ಕೆಲಸವೇ ಬಂದ್.

ಟೆಕ್‌ಸ್ಟುಡಿಯೋ ನಮ್ಮ ಕಂಪ್ಯೂಟರಿನಲ್ಲೇ ಓಡುವ ಎಡಿಟರ್, ಇಂಟರ್ನೆಟ್ ಬೇಡ. ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿದರೆ ಪಿಡಿಎಫ್‌ನಿಂದ ಮೂಲಕ್ಕೆ, ಮೂಲದಿಂದ ಪಿಡಿಎಫ್‌ಗೆ ಎರಡೂ ಕಡೆ ಹೋಗಬಹುದು. ಒಬ್ಬರೇ ಬರೆಯುವವರಿಗೆ ನನ್ನ ಆಯ್ಕೆ ಇದೇ. ಸುಮಾತ್ರ ಬರೀ ಪಿಡಿಎಫ್ ತೋರಿಸುವ ತಂತ್ರಾಂಶ; ಹಗುರ, ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ; ವಿಂಡೋಸ್‌ಗೆ ಮಾತ್ರ. ಎಡಿಟರ್ ಬೇರೆ ಇಟ್ಟುಕೊಂಡು ಸೆಟ್ಟಿಂಗ್ಸ್‌ನಲ್ಲಿ ಎರಡನ್ನೂ ಒಮ್ಮೆ ಜೋಡಿಸಬೇಕು.

ಯಾವುದನ್ನೇ ಆರಿಸಿದರೂ, ಸಿಂಕ್‌ಟೆಕ್ ಲೆಕ್ಕ ಇಡುವುದು ಸಾಲಿಗೆ, ಪದಕ್ಕಲ್ಲ. ಇಡೀ ಪ್ಯಾರಾವನ್ನು ಒಂದೇ ಉದ್ದ ಸಾಲಾಗಿ ಟೈಪಿಸಿದ್ದರೆ ಅದು ನಿಮ್ಮನ್ನು ಪ್ಯಾರಾದವರೆಗೆ ತಂದು ಬಿಡುತ್ತದೆ, ಮುಂದೆ ನೀವೇ ಹುಡುಕಬೇಕು. ವಾಕ್ಯಕ್ಕೊಂದು ಸಾಲು ಬಿಡಿ. ಕನ್ನಡಕ್ಕೆ ಯುನಿಕೋಡ್ ಅಕ್ಷರ ಓದಬಲ್ಲ ಝೀಲೇಟೆಕ್ (XeLaTeX) ಬಳಸಿದರೂ ಇದೇ ವಿಧಾನ. ತಿದ್ದಿದ ಮೇಲೆ ಮತ್ತೆ ಕಂಪೈಲ್ ಮಾಡದಿದ್ದರೆ ಕ್ಲಿಕ್ ಹಳೆಯ ಸಾಲಿಗೇ ಹೋಗುತ್ತದೆ.